ನೀರಿನ ಬಣ್ಣಕ್ಕೆ ಒಪ್ಪಿದ ಚಾಚಾ

ಅವರ ರೆಪ್ಪೆಗಳ ಮೇಲೆ ಸದಾ ಬಿಳಿ ಪೇಂಟಿನ ಹನಿಗಳಿರುತ್ತಿದ್ದವು. ಸಿಂಧನೂರಿನ ಸುಡುಬಿಸಿಲಿನಲ್ಲಿ, ಯಾವುದೋ ಮಂಜಿನ ನಾಡಿನಿಂದ ಈಗಷ್ಟೇ ನಡೆದು ಬಂದವರಂತೆ ಕಾಣುತ್ತಿದ್ದರು.

ನಮ್ಮ ಓಣಿಯ ಪೇಂಟರ್ ಚಾಚಾ ಮೂಗು-ಬಾಯಿಗೆ ವಸ್ತ್ರ ಬಿಗಿದು, ಆಯಿಲ್ ಪೇಂಟಿನ ಘಾಟಿನಲ್ಲಿ ಮುಂಜಾನೆಯಿಂದ ಸಂಜೆತನಕ ಮೌನವಾಗಿ ದುಡಿಯುವವರು. ಅವರ ಕಾನೂನಿನಲ್ಲಿ ಎರಡೇ ಕಲಮು: ಗೋಡೆಗೆ ನೀರು, ಕಟ್ಟಿಗೆಗೆ ಎಣ್ಣೆ. ಕಟ್ಟಿಗೆಗೆ ನೀರಿನ ಬಣ್ಣ ಹಚ್ಚುವವರನ್ನು ಬಿರಿಯಾನಿಗೆ ಬೆಲ್ಲ ಹಾಕುವವರ ಸಾಲಿಗೆ ಸೇರಿಸಿದ್ದರು.

ಆ ಘಾಟು ಎದೆಗಿಳಿದು ದಮ್ಮು ಹತ್ತಿತ್ತು. ಇನ್ನು ಅದರ ವಾಸನೆಯೂ ಕೂಡದೆಂದು ಡಾಕ್ಟರು ಹೇಳಿದ್ದರು. ಆದರೂ ನಮ್ಮ ಬಾಗಿಲು-ಕಿಟಕಿಗಳಿಗೆ ತಾವೇ ಬಣ್ಣ ಹಚ್ಚುವುದಾಗಿ ಹಟ ಹಿಡಿದರು. ಹಿಂದೆಯೇ ಅವರ ಹೆಂಡತಿ, ನಮ್ಮ ಚಾಚಿ, ಬಂದರು.

“ಮಾಸ್ತರ್ರೀ, ಆಯಿಲ್ ಪೇಂಟ್ ತಂದ್ರ ಡಬ್ಬಿ ಜೋಡಿ ಇವರನ್ನೂ ನೀವೇ ಇಟ್ಕೋರಿ. ದಮ್ಮು ಹತ್ತಿದಾಗ ಬೆನ್ನು ತಿಕ್ಕೋದು ನಿಮ್ಮ ಕೆಲಸ.”

ನಾನು ಕಟ್ಟಿಗೆಗೆಂದೇ ಬರುವ ನೀರಿನ ಬಣ್ಣ ತಂದೆ. ಕೆಲಸ ಶುರುವಾಗುವ ದಿನ ಕಾವಲಿಗೆ ಚಾಚಿಯೂ ಹಾಜರಾದರು. ಚಾಚಾ ಡಬ್ಬಿಯೊಳಗೆ ಇಣುಕಿದರು.

“ಇದು ಪೇಂಟ್ ಅಲ್ರೀ ಮಾಸ್ತರ, ಮಜ್ಜಿಗಿ.”

ಎಂದವರೇ, ಇಷ್ಟು ವರ್ಷದ ರೂಢಿಗೆ ಚೀಲದಿಂದ, ಎಣ್ಣೆ ಬಣ್ಣ ತೆಳುಮಾಡುವ ಟರ್ಪೆಂಟೈನ್ ತೆಗೆದು ಸುರಿದುಬಿಟ್ಟರು. ಬಣ್ಣ ಒಡೆದು ಗಡ್ಡೆಗಟ್ಟಿತು. ಮೂವರೂ ಡಬ್ಬಿಯ ಸುತ್ತ ಶೋಕಸಭೆ ನಡೆಸಿದೆವು.

“ಮಜ್ಜಿಗಿ ಅಂದ್ರಲ್ಲ, ಈಗ ಮೊಸರ ಆಗ್ಯಾದ ನೋಡ್ರಿ,” ಎಂದರು ಚಾಚಿ.

ಹೊಸ ಡಬ್ಬಿ ಬಂತು. ಚಾಚಾ ಹಳೆಯ ಹೊಳಪೆಲ್ಲ ಹೋಗುವಂತೆ ಚೌಕಟ್ಟು ಉಜ್ಜಿ, ಪ್ರೈಮರ್ ಬಳಿದು, ರಾಜ್ಯ ಕಳೆದುಕೊಂಡ ಅರಸನ ಗತ್ತಿನಲ್ಲಿ ಬ್ರಷ್ ಎತ್ತಿದರು. ಘಾಟಿರಲಿಲ್ಲ. ಸ್ವಲ್ಪ ಹೊತ್ತಿಗೆ ವಸ್ತ್ರ ಸಡಿಲಾಯಿತು, ಕೊರಳಿಗಿಳಿಯಿತು. ಅಲ್ಲಿಂದ ಮಾತು ಹೊರಟಿತು.

ದಢೇಸುಗೂರಿನಲ್ಲಿ, ಹರೆಯದಲ್ಲಿ, ಕಾಲುವೆ ದಂಡೆಯ ಮನೆಯೊಂದಕ್ಕೆ ಹಸಿರು ಹಚ್ಚಿದ ಕಥೆ.

“ಸಂಜಿಮುಂದ ಭತ್ತದ ಗದ್ದಿ ನೋಡಿದ್ರ, ನೀರಾಗ ಹಸರು ಉಸರಾಡ್ತಿತ್ರೀ. ಅದನ್ನ ಕಲಸಾಕ ಎಷ್ಟ್ ಬಣ್ಣ ಕೂಡಿಸಿದೆ! ಬರಲೇ ಇಲ್ಲ.”

ಬ್ರಷ್ ಹೋಗುತ್ತಿತ್ತು, ಬರುತ್ತಿತ್ತು. ಕಿಟಕಿಯ ಬೆಳಕು ನೆಲದ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ನಮ್ಮ ನಡುಮನೆಯೇ ಕಾಲುವೆಯ ಮೇಲೆ ತೇಲುತ್ತ ಎತ್ತಲೋ ಹೊರಟಂತೆ ನನಗನ್ನಿಸಿತು. ಊಟಕ್ಕೆ ಕರೆಯಲು ಎದ್ದ ಚಾಚಿ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು. ಬುತ್ತಿ ಆರಿಹೋಯಿತು, ಯಾರೂ ದೂರು ಕೊಡಲಿಲ್ಲ.

ಚಾಚಾ ಮತ್ತೆ ಎಣ್ಣೆ ಬಣ್ಣ ಮುಟ್ಟಲಿಲ್ಲ. ಆದರೆ ಎದೆ ಅಷ್ಟರಲ್ಲಾಗಲೇ ಸೋತಿತ್ತು. ಮುಂದಿನ ವರ್ಷದ ಚಳಿಗಾಲದಲ್ಲಿ ಹೋಗಿಬಿಟ್ಟರು. ಚಾಚಿಗೆ ಸಮಾಧಾನ ಹೇಳಿಬರಲು ಹೋದೆ. ಅವರೇ ನನಗೆ ಸಮಾಧಾನ ಹೇಳಿದರು.

“ಮದುವಿ ಆದಾಗಿಂದ ಅವರು ಮನಿಗೆ ಬರೂದ್ರಾಗ ಉಸರು ಮುಗದಿರ್ತಿತ್ರೀ ಮಾಸ್ತರ. ಈ ಕಡೀ ವರ್ಷ ಮಾತ್ರ, ‘ಸಾಕು, ಇನ್ನ ಮಲ್ಕೋರಿ’ ಅಂತ ನಾ ಬೈಯೋತನಕ ಮಾತಾಡಿದ್ರು.”