ಸೊನಾಟಾ ನಿಲ್ಲಿಸಲು ಹೇಳಿದ ಪಂಡಿತ

ಲಾಕ್‌ಡೌನಿನ ಚಳಿಗಾಲದಲ್ಲಿ ನೆದರ್ಲೆಂಡ್ಸ್‌ನ ಯುಟ್ರೆಕ್ಟ್‌ನಲ್ಲಿ ನನ್ನ ಜೊತೆ ಮನೆ ಹಂಚಿಕೊಂಡಿದ್ದವನು ಮೈಸೂರಿನ ಒಬ್ಬ ಸಂಶೋಧಕ. ಮನೆಯಲ್ಲೇ ಕೂತು ಬೇಸರವಾಗಿ ಅವನು ಸಂಗೀತಪಂಡಿತನಾಗಿಬಿಟ್ಟ. ಕಿವುಡನಾದ ಮೇಲೂ ಸೊನಾಟಾ ಎಂಬ ದೀರ್ಘ ಪಿಯಾನೊ ಕೃತಿಗಳನ್ನು ಬರೆದ ಆ ಮಹಾನ್ ಜರ್ಮನ್ ಸಂಗೀತಗಾರನ ಬದುಕಿನ ಬಗ್ಗೆ ಪ್ರತಿ ಭಾನುವಾರ ತನ್ನ ಊರಿನವರಿಗೆ ಆನ್‌ಲೈನ್ ಉಪನ್ಯಾಸ ಕೊಡುತ್ತಿದ್ದ. ಕುಡುಕ ಅಪ್ಪ, ಕೈಗೂಡದ ಪ್ರೇಮ, ಒಂಟಿತನ ಎಲ್ಲವನ್ನೂ ಗದ್ಗದ ದನಿಯಲ್ಲಿ ಹೇಳುತ್ತಿದ್ದ. ಅವನು ಒಂದು ಸೊನಾಟಾವನ್ನಾದರೂ ಪೂರ್ತಿ ಕೇಳಿದ್ದನ್ನು ನಾನು ಕಾಣೆ.

ಒಮ್ಮೆ ಉಪನ್ಯಾಸದ ನಡುವೆ ಕೆಳಮನೆಯ ಡಚ್ ಅಜ್ಜಿ ಪಿಯಾನೊ ನುಡಿಸತೊಡಗಿದರು. ಅವನು ಮೈಕ್ ಆಫ್ ಮಾಡಿ ನನ್ನತ್ತ ತಿರುಗಿದ.

“ನಿಂಗೆ ಡಚ್ ಬರುತ್ತಲ್ಲ, ಹೋಗಿ ನಿಲ್ಸೋಕೆ ಹೇಳು ಗುರು. ಆಡಿಯೋ ಡಿಸ್ಟರ್ಬ್ ಆಗ್ತಿದೆ.”

“ಅದು ನಿನ್ನ ಸಂಗೀತಗಾರನ ಸೊನಾಟಾನೇ ಕಣೋ. ಈಗ್ತಾನೆ ನೀನು ಅದ್ರ ಬಗ್ಗೆನೇ ಮಾತಾಡ್ತಿದ್ದೆ.”

“ಇರ್ಬೋದು. ಆಮೇಲೆ ನುಡಿಸ್ಲಿ.”

ಅವನಿಗೆ ನಾಚಿಕೆಯಾಗಲಿಲ್ಲ. ಜಗಳ ಬೇಡವೆಂದು ಕೆಳಗಿಳಿದುಹೋದ ನಾನೂ ಮಾನವಂತನೇನಲ್ಲ. ಅಜ್ಜಿ ಬಾಗಿಲಿನಿಂದ ಎರಡು ಮಾರು ದೂರ ನಿಂತು ನನ್ನ ಮಾತು ಕೇಳಿಸಿಕೊಂಡರು. ಗಂಡ ಆಸ್ಪತ್ರೆಯಲ್ಲಿದ್ದಾರೆ, ನೋಡಲು ಬಿಡುತ್ತಿಲ್ಲ, ಫೋನಿನಲ್ಲಿ ಅವರಿಗೆ ಕೇಳಿಸುತ್ತಿದ್ದೆ ಎಂದರು. ಪಿಯಾನೊ ಮೇಲೆ ಫೋನು ಇನ್ನೂ ಹಾಗೇ ಇತ್ತು. ಕ್ಷಮಿಸಿ, ದಯವಿಟ್ಟು ಮುಂದುವರಿಸಿ ಎಂದು ಹೇಳಿ ಮೇಲೆ ಬಂದೆ.

ಉಪನ್ಯಾಸ ಮುಗಿದ ಮೇಲೆ ಅವನಿಗೆ ಇದನ್ನೆಲ್ಲ ತಿಳಿಸಿದೆ.

“ಒಳ್ಳೆ ಕತೆ ಸಿಕ್ತು ನೋಡು, ಮುಂದಿನ ವಾರ ಹೇಳ್ತೀನಿ,” ಎಂದು ಪುಸ್ತಕದಲ್ಲಿ ಬರೆದುಕೊಂಡ.

ಆ ಮನೆ ಬಿಡುವವರೆಗೂ ನಾನು ಅವನೊಂದಿಗೆ ಊಟಕ್ಕೆ ಕೂರಲಿಲ್ಲ.