ಹೊಳೆ ನೋಡಲು ಹೊರಟ ಜೀಪು

ಅದು ಒಂದು ಸಾದಾ ದಿನ. ಮಧ್ಯಾಹ್ನದ ಊಟ ಆಗಿತ್ತು. ಅಣ್ಣ ನಮ್ಮ ಮನೆಗೆ ಬಂದವನು ಟಿವಿಯ ಮುಂದೆ ಕೂತು ಶೇಂಗಾ ಸುಲಿಯುತ್ತಿದ್ದ. ಟಿವಿಯಲ್ಲಿ ಯಾವುದೋ ಕಾಲದ ಒಂದು ಇಂಗ್ಲಿಷ್ ಧಾರಾವಾಹಿ. ಗಂಡ, ಹೆಂಡತಿ, ಮಕ್ಕಳು ರಜೆ ಕಳೆಯಲು ಕಾರಿನಲ್ಲಿ ಹೊರಟಿದ್ದಾರೆ. ಪುಂಡರ ಗುಂಪೊಂದು ಅವರ ಬೆನ್ನು ಹತ್ತಿದೆ. ನಮಗಿಬ್ಬರಿಗೂ ಆ ಭಾಷೆ ಅಷ್ಟಕ್ಕಷ್ಟೆ. ಆದರೆ ಹೆದರುವುದಕ್ಕೆ ಭಾಷೆ ಬೇಕಾಗಲಿಲ್ಲ. ಕುಕ್ಕರ್ ಕೂಗಿದರೂ ಬೆಚ್ಚುವ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದೆ.

“ಏ ತಂಗೀ, ಇವರೇನು ಕಳ್ಳರು? ನಮ್ಮ ಕಳ್ಳರ ಮುಂದ ಇವರು ಬಾಲವಾಡಿ ಹುಡುಗರು,” ಅಂದ ಅಣ್ಣ.

ನನ್ನ ಮೊಮ್ಮಗಳು ತಟ್ಟನೆ ತಿರುಗಿದಳು. “ಯಾವ ಕಳ್ಳರು ಅಜ್ಜಾ?”

ಅವನಿಗೆ ಬೇಕಾಗಿದ್ದೂ ಅದೇ. ಟಿವಿಯ ಸದ್ದು ಕಡಿಮೆ ಮಾಡಿ ಕತೆ ಶುರು ಮಾಡಿದ. ಮರುದಿನ ಬೆಳಿಗ್ಗೆ ಅವನಿಗೆ ಎದೆನೋವು ಬಂತು. ಆಸ್ಪತ್ರೆಯೊಳಗೆ ನಡೆದೇ ಹೋದ. ನಡೆದು ಹೊರಗೆ ಬರಲಿಲ್ಲ.

ಆ ಕತೆಯನ್ನು ನಿಮಗೂ ಹೇಳಬೇಕು. ಎಪ್ಪತ್ತರ ದಶಕದ ಒಂದು ಬೇಸಿಗೆ. ನಾನು ಇನ್ನೂ ಸಣ್ಣವಳು, ಅಣ್ಣನಿಗೆ ಮೀಸೆ ಚಿಗುರುವ ವಯಸ್ಸು. ಇಂಡಿಯಲ್ಲಿ ಅಪ್ಪನದು ಲಿಂಬೆಹಣ್ಣಿನ ವ್ಯಾಪಾರ. ರಜೆ ಎಂದರೆ ಮಕ್ಕಳು ಅಂಗಡಿಯಲ್ಲಿ ಕೂತು ಹಣ್ಣು ಆರಿಸುವ ಕಾಲ ಎಂದು ಅವನು ನಂಬಿದ್ದ. ಅಂಥವನು ಆ ವರ್ಷ ಅದೇನು ಮನಸ್ಸು ಮಾಡಿದನೋ, “ನಡೀರಿ, ಮಕ್ಕಳಿಗೆ ಕೃಷ್ಣಾ ಹೊಳಿ ತೋರಿಸ್ಕೊಂಡು ಬರೂಣು,” ಅಂದ. ಪರಿಚಯದ ಇಮಾಮ ಕಾಕಾ ತನ್ನ ಜೀಪು ತಂದ. ಸಿಂದಗಿಯ ಮೇಲೆ ಹಾಯ್ದು ಬಾಗೇವಾಡಿಯಲ್ಲಿ ಬಸವಣ್ಣನ ದರ್ಶನ, ಅಲ್ಲಿಂದ ಮುದ್ದೇಬಿಹಾಳದ ಚಿಕ್ಕವ್ವನ ಮನೆ, ಆಮೇಲೆ ಹೊಳೆ. ತಂಗಿಯ ಮನೆಗೆ ಬರಿಗೊರಳಲ್ಲಿ ಹೋಗುವುದು ಹೇಗೆಂದು ಅವ್ವ ತನ್ನ ತಾಯಿ ಬಿಟ್ಟುಹೋದ ಬೋರಮಾಳ ಸರ ಹಾಕಿಕೊಂಡಳು. ಆ ಬಂಗಾರದ ಗುಂಡುಗಳ ಸರವೊಂದೇ ಅವಳಿಗೆ ತವರಿನಿಂದ ಉಳಿದಿದ್ದ ವಸ್ತು.

ನಮ್ಮ ಕಡೆಯ ಒಂದು ರೂಢಿ ನಿಮಗೆ ಗೊತ್ತಿರಬಹುದು. ಇಬ್ಬರು ಅಪರಿಚಿತರು ಎದುರಾದರೆ ಮೊದಲ ಪ್ರಶ್ನೆ, ಯಾವೂರು? ಎರಡನೆಯದು, ಯಾರ ಪೈಕಿ? ಕೇಳುವುದು ತಪ್ಪಲ್ಲ, ಹೇಳದಿರುವುದು ಸೊಕ್ಕು. ಬಸ್ಸು ಒಂದು ಊರಿನಿಂದ ಇನ್ನೊಂದು ಊರಿಗೆ ಮುಟ್ಟುವುದರೊಳಗೆ ಪಕ್ಕದವರು ಅತ್ತೆಯೋ ಮಾವನೋ ಆಗಿಬಿಡುತ್ತಾರೆ. ಇದರಲ್ಲಿ ಅವ್ವನನ್ನು ಮೀರಿಸುವವರಿರಲಿಲ್ಲ.

ಸಿಂದಗಿಯಲ್ಲಿ ಚಹಾ ಕುಡಿಯಲು ಇಳಿದೆವು. ಪಕ್ಕದ ಬಾಕಿನ ಮೇಲೆ ಕೂತಿದ್ದವರೊಬ್ಬರು ಕೇಳಿದರು, “ಯಾವೂರ್ರಿ ಅಕ್ಕಾರ?” ಅವ್ವ ಊರು ಹೇಳಿದಳು, ಮನೆತನ ಹೇಳಿದಳು, ಲಿಂಬೆ ವ್ಯಾಪಾರ ಹೇಳಿದಳು, ಯಾವ ದಾರಿಯಿಂದ ಹೋಗುತ್ತೇವೆಂದೂ ಹೇಳಿದಳು. “ಸರ ಭಾಳ ಚಂದ ಐತ್ರಿ,” ಎಂದಿದ್ದಕ್ಕೆ, “ನಮ್ಮವ್ವಂದ್ರಿ, ಗಟ್ಟಿ ಬಂಗಾರ,” ಎಂದಳು.

ಊರು ದಾಟಿದ ಮೇಲೆ ಇಮಾಮ ಕಾಕಾ ಕನ್ನಡಿಯನ್ನು ಮತ್ತೆ ಮತ್ತೆ ನೋಡತೊಡಗಿದ. “ಮಾಲಕ್ರ, ಎರಡು ಫಟಫಟಿ ಬೆನ್ನ ಹಿಂದ ಅದಾವ್ರಿ. ನಾ ಜೋರು ಹೊಡದ್ರ ಅವೂ ಜೋರು, ನಾ ಸಾವಕಾಶ ಆದ್ರ ಅವೂ ಸಾವಕಾಶ.”

“ಯಾರೂ ಹಿಂದ ನೋಡಬ್ಯಾಡ್ರಿ,” ಅಂದ ಅಪ್ಪ. ಅಂದವನೇ ಮೊದಲು ತಿರುಗಿ ನೋಡಿದ. “ಚಹಾದಂಗಡ್ಯಾಗ ಇದ್ದವ್ರಽ ಅದಾರ. ನಿನ್ನ ಬಾಯಿಗಿ ಒಂದು ಚಿಲಕ ಇಲ್ಲೇನು?”

“ಕೇಳಿದ್ರು, ಹೇಳಿದೆ. ಕೇಳಿದ್ದಕ್ಕ ಹೇಳಬಾರದೇನ್ರಿ?” ಅಂದಳು ಅವ್ವ.

ರಸ್ತೆಯ ಎರಡೂ ಬದಿಗೆ ಬೆಳೆ ಕೊಯ್ದು ಬರಿದಾದ ಎರೆಹೊಲ, ಬಿರುಕು ಬಿಟ್ಟ ನೆಲ. ಮನುಷ್ಯರಿರಲಿ, ಒಂದು ಆಡು ಕೂಡ ಇಲ್ಲ. ಹಳ್ಳದ ಇಳಿಜಾರಿನಲ್ಲಿ ಜೀಪು ನಿಧಾನವಾದಾಗ ಆ ಎರಡು ಮೋಟಾರ್ ಸೈಕಲ್ಲುಗಳು ಭರ್ರನೆ ಮುಂದೆ ಬಂದು ಅಡ್ಡ ನಿಂತವು. ಅಷ್ಟನ್ನು ನಾನು ಕಂಡೆ. ಆಮೇಲೆ ಅವ್ವನ ಮಡಿಲಿನಲ್ಲಿ ಮುಖ ಹುದುಗಿಸಿದೆ.

ಕಣ್ಣು ಮುಚ್ಚಿದರೂ ಕಿವಿ ಮುಚ್ಚಿರಲಿಲ್ಲ. “ಸರ ತಗೀರಿ ಅಕ್ಕಾರ. ಗದ್ಲ ಮಾಡಬ್ಯಾಡ್ರಿ,” ಎಂದಿತು ಒಂದು ದನಿ.

“ತಗೀತೇನೋ ಯಪ್ಪಾ,” ಅಂದಳು ಅವ್ವ. ಅವಳ ತೊಡೆ ಗಡಗಡ ನಡುಗುವುದು ನನ್ನ ಕೆನ್ನೆಗೆ ತಿಳಿಯುತ್ತಿತ್ತು. “ಯಾವೂರ್ನಂವೋ ನೀ?”

ಅವನು ಹೇಳಿಬಿಟ್ಟ! ಆ ಊರಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ; ಅವನ ಮೊಮ್ಮಕ್ಕಳು ಅಲ್ಲಿ ಸುಖವಾಗಿರಲಿ. ಹುಟ್ಟಿದಾಗಿನಿಂದ ಯಾರು ಕೇಳಿದರೂ ಹೇಳುತ್ತ ಬಂದ ಬಾಯಿ, ಕಳ್ಳತನಕ್ಕೆ ನಿಂತಾಗಲೂ ಹೇಳಿತು.

“ಅಯ್ಯ, ಅಲ್ಲೇ ನಮ್ಮ ಸೋದರತ್ತಿನ್ನ ಕೊಟ್ಟೈತಿ. ಯಾರ ಪೈಕಿ ನೀ?”

ಅದನ್ನೂ ಹೇಳಿದ.

“ಹಂಗಾರ ನಿಮ್ಮವ್ವನ್ನ ನಾ ನೋಡೇನಿ. ಮೊಣಕಾಲು ನೋವು ಹೆಂಗೈತೋ ಆಕಿದು?”

“ಹಂಗಽ ಐತ್ರಿ. ಏಳಾಕ ಬರೂದಿಲ್ಲ.”

ಆಗ ಇನ್ನೊಂದು ದನಿ ಸಿಡಿಯಿತು. “ಲೇ ಮಬ್ಬ! ಊರ ಹೇಳಿದಿ, ಅವ್ವನ್ನೂ ಹೇಳಿದಿ. ಇನ್ನ ಮನಿಗೇ ಕರಕೊಂಡು ಹೋಗಿ ಚಹಾ ಕುಡಿಸು!”

ಅಣ್ಣ ಇಲ್ಲಿ ಕತೆ ನಿಲ್ಲಿಸುತ್ತಿದ್ದ. ಕೇಳುವವರು ನಗುತ್ತಿದ್ದರು. ನಗು ಮುಗಿದ ಮೇಲೆ ದನಿ ತಗ್ಗಿಸಿ ಹೇಳುತ್ತಿದ್ದ: “ನಗೂದಲ್ಲ ಅದು. ನಮ್ಮ ಜೀವ ಹೋಗೂ ಹೊತ್ತು ಅದಽ ಇತ್ತು. ಗುರ್ತು ಹತ್ತಿದ ಮ್ಯಾಲ ಕಳ್ಳ ಸುಮ್ಮನ ಬಿಡ್ತಾನೇನು?” ನಿಜ. ನನಗೂ ಆ ಗಳಿಗೆ ನೆನಪಿದೆ. ಜೀಪಿನ ಎಂಜಿನ್ನು ಬಿಸಿಗೆ ಟಿಕ್ ಟಿಕ್ ಎನ್ನುತ್ತಿತ್ತು. “ಗುರ್ತು ಸಿಕ್ಕೈತಿ, ಇವರನ್ನ ಬಿಡಾಕ ಬರೂದಿಲ್ಲ,” ಎಂದು ಯಾರೋ ಮೆಲ್ಲಗೆ ಅಂದರು. ಅಪ್ಪ ಉಸಿರು ಎಳೆದುಕೊಂಡ ಸದ್ದು ಕೇಳಿಸಿತು. ಊರು ಹೇಳಿದ್ದ ಮೊದಲಿನವನು ಅಂದ, “ನಮ್ಮೂರ ಬೀಗರದಾರ. ಇವರ ಮೈ ಮುಟ್ಟಿದ್ರ ನಾ ನಿಮ್ಮ ಜೋಡಿ ಇರಾಂವಲ್ಲ.” ಸ್ವಲ್ಪ ಹೊತ್ತು ಬೈದಾಟ, ಆಮೇಲೆ ಫಟಫಟಿಗಳ ಸದ್ದು. ಅದು ದೂರವಾಗಿ ಪೂರ್ತಿ ಅಡಗುವ ತನಕ ಜೀಪಿನಲ್ಲಿ ಯಾರೂ ಅಲ್ಲಾಡಲಿಲ್ಲ.

ಅವ್ವನಿಗೆ ಆ ತಾಯಿ ನಿಜಕ್ಕೂ ಗೊತ್ತಿದ್ದಳೇ? “ಆ ವಯಸ್ಸಿನಾಗ ಯಾರಿಗಿ ಮೊಣಕಾಲು ನೋವು ಇರೂದಿಲ್ಲ ಹೇಳು,” ಎನ್ನುತ್ತಿದ್ದ ಅಪ್ಪ. ಹೊಳೆಯವರೆಗೆ ನಾವು ಹೋಗಲೂ ಇಲ್ಲ; ಬಾಗೇವಾಡಿಯ ಗುಡಿಯ ಕಟ್ಟೆಯ ಮೇಲೆ ಸಂಜೆಯವರೆಗೆ ಕೂತಿದ್ದು, ಜೀಪಿನಲ್ಲಿ ಮತ್ತೆ ಆ ದಾರಿ ಹಿಡಿಯುವ ಧೈರ್ಯ ಸಾಲದೆ ಬಸ್ಸಿನಲ್ಲಿ ತಿರುಗಿ ಬಂದೆವು. ಸರ ಪೆಟ್ಟಿಗೆ ಸೇರಿತು. ಮುಂದೆ ಬಸ್ಸಿನಲ್ಲಿ ಯಾರಾದರೂ ಊರು ಕೇಳಿದರೆ ಅವ್ವ ಕಿಟಕಿಯ ಆಚೆ ನೋಡುತ್ತಿದ್ದಳು. ಸೊಕ್ಕಿನ ಹೆಂಗಸು ಅನ್ನಿಸಿಕೊಂಡಳು. ಕಳ್ಳರು ಏನನ್ನೂ ಒಯ್ಯಲಿಲ್ಲ ಎಂದು ಅಪ್ಪ ಹೇಳುತ್ತಿದ್ದ. ನನಗೆ ಹಾಗೆ ಅನ್ನಿಸುವುದಿಲ್ಲ.

ಅಣ್ಣ ಹೇಳುವಾಗಲೆಲ್ಲ ಕತೆ ಬೆಳೆಯುತ್ತಿತ್ತು. ಒಬ್ಬನ ಕೈಯಲ್ಲಿ ಒಮ್ಮೆ ಕೊಡಲಿ, ಒಮ್ಮೆ ಚೂರಿ. “ಹೋದ ಸಲ ಕೊಡ್ಲಿ ಅಂದಿದ್ದಿ,” ಎಂದರೆ, “ನೀ ಅವ್ವನ ಉಡ್ಯಾಗ ಮಾರಿ ಮುಚಗೊಂಡಿದ್ದಿ. ನಿನಗೇನು ಗೊತ್ತು?” ಎನ್ನುತ್ತಿದ್ದ. ನಾನು ಸೋಲುತ್ತಿದ್ದೆ. ಹಾಗೆ ಸೋಲುವುದರಲ್ಲಿ ಒಂದು ನೆಮ್ಮದಿ ಇತ್ತು. ನೋಡುವ ಕೆಲಸ ಅವನದು, ಹೆದರುವ ಕೆಲಸ ನನ್ನದು.

ನಿನ್ನೆ ಮೊಮ್ಮಗಳು ಬಂದು ಪಕ್ಕದಲ್ಲಿ ಕೂತಳು. “ಅಜ್ಜಿ, ಆ ಕತಿ ಈಗ ನೀ ಹೇಳು.” ಹೇಳಿದೆ. ಮೊದಲ ಸಲ ನಾನೇ ಹೇಳಿದೆ. ನಡುವೆ ಎದ್ದು ಹೋಗಲಿಲ್ಲ. ದನಿಗಳನ್ನೆಲ್ಲ ಒಂದೂ ಬಿಡದೆ ಹೇಳಿದೆ.

“ಅವರು ಹೆಂಗಿದ್ರು ಅಜ್ಜಿ? ಮಾರಿ ಹೆಂಗಿತ್ತು?” ಎಂದು ಕೇಳಿದಳು.

ಕೊಡಲಿಯನ್ನೋ ಚೂರಿಯನ್ನೋ ತಂದು ಅವರ ಕೈಗೆ ಕೊಡಬಹುದಿತ್ತು. “ನಾ ನೋಡಲಿಲ್ಲವ್ವಾ,” ಅಂದೆ.

ಅಪ್ಪ, ಅವ್ವ, ಇಮಾಮ ಕಾಕಾ ಎಂದೋ ಹೋದರು. ಈಗ ಅಣ್ಣನೂ ಹೋದ. ಆ ಜೀಪಿನಲ್ಲಿ ಕಣ್ಣು ತೆರೆದು ಕೂತಿದ್ದವರಲ್ಲಿ ಈಗ ಯಾರೂ ಇಲ್ಲ.