ಹದಿಮೂರರ ಮಗ್ಗಿಗೊಂದು ಬೀಸುಕಲ್ಲು

ಹಳಿಯಾಳದ ನಮ್ಮ ಮನೆಯಲ್ಲಿ ಬೆಳಗಾಗುವುದು ಕೋಳಿಯಿಂದಲ್ಲ, ಪಕ್ಕದ ಮನೆಯ ಗಂಗವ್ವನ ಬೀಸುಕಲ್ಲಿನಿಂದ. ಅಂದೂ ನಾನು ಒಲೆ ಊದುತ್ತಿದ್ದೆ. ಕಟ್ಟಿಗೆ ಡಿಪೋದಲ್ಲಿ ಕಾರಕೂನರಾದ ನಮ್ಮ ಯಜಮಾನರು ಗಲ್ಲ ಉಬ್ಬಿಸಿಕೊಂಡು ಕ್ಷೌರ ಮಾಡಿಕೊಳ್ಳುತ್ತಿದ್ದರು. ಗೋಡೆಯಾಚೆ ಕಲ್ಲು ಗುರುಗುಟ್ಟಿತು; ಜೊತೆಗೇ ಗಂಗವ್ವನ ಮಗಳು ನೀಲವ್ವನ ದನಿ, ಬೀಸುವ ಪದದ ಧಾಟಿಯಲ್ಲಿ: “ಹದಿಮೂರೊಂದ್ಲೆ ಹದಿಮೂರ, ಹದಿಮೂರೆರಡ್ಲೆ ಇಪ್ಪತ್ತಾರ...”

ಇವರು ಕತ್ತಿ ನಿಲ್ಲಿಸಿ, “ನೀ ನಡಸೂದು ಸಾಲೀನೋ, ಗಿರಣೀನೋ?” ಎಂದರು.

ತಪ್ಪು ನನ್ನದೇ. ಹೆಣ್ಣುಮಕ್ಕಳ ಶಾಲೆಯ ಅಕ್ಕೋರು ಬಾಣಂತನಕ್ಕೆ ತವರಿಗೆ ಹೋದಾಗ, ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳೆಂಬ ಒಂದೇ ಕಾರಣಕ್ಕೆ ಊರವರು ಬೆತ್ತವನ್ನು ನನ್ನ ಕೈಗಿಟ್ಟರು. ಕಾನ್ವೆಂಟಿನಲ್ಲಿ ನಾನು ಮುಖ್ಯವಾಗಿ ಕಲಿತದ್ದು ಕೈಕಟ್ಟುವುದನ್ನು. ಇಂಗ್ಲೆಂಡಿನ ನದಿಗಳನ್ನೆಲ್ಲ ಕೈಕಟ್ಟಿಯೇ ಬಾಯಿಪಾಠ ಮಾಡಿದ್ದು. ಇವತ್ತಿಗೂ ಕೈಕಟ್ಟಿ ನಿಂತರೆ ಥೇಮ್ಸ್ ಹರಿದು ಬರುತ್ತದೆ; ಹಿಟ್ಟು ಕಲಸುವಾಗ ಕೇಳಿದರೆ ಒಂದು ಹನಿಯೂ ಇಲ್ಲ.

ಹದಿಮೂರರ ಮಗ್ಗಿ ನಮ್ಮ ಹುಡುಗಿಯರ ತಲೆಯಲ್ಲಿ ನಿಲ್ಲಲೊಲ್ಲದು. ಬೇಸತ್ತು, “ಹೆಂಗ ಕಲಿಸ್ಲಿ, ನೀವ ಹೇಳ್ರಿ” ಎಂದೆ. ನೀಲವ್ವ ಯೋಚಿಸಿ ಹೇಳಿದಳು: “ಅಕ್ಕೋರ, ಕೈಗೆ ಕೆಲಸ ಇಲ್ರಿ. ಅದಕ್ಕ ಬಾಯಿ ಮರೀತೈತಿ.”

ಮರುದಿನ ನಮ್ಮ ಮನೆಯ ಬೀಸುಕಲ್ಲು ಶಾಲೆಗೆ ಬಂತು. ಇಬ್ಬಿಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿದರು. ಒಬ್ಬಳು ಕೇಳುವುದು, ಇನ್ನೊಬ್ಬಳು ಹೇಳುವುದು, ಕಲ್ಲು ನಿಲ್ಲುವಂತಿಲ್ಲ. ವಾರದೊಳಗೆ ಮಗ್ಗಿ ಬಂತು. ನನ್ನ ಮನೆಯ ಎರಡು ಡಬ್ಬಿ ಜೋಳವೂ ಹಿಟ್ಟಾಯಿತು ಎಂಬುದನ್ನು ನಾನು ಯಾರಿಗೂ ಹೇಳಲಿಲ್ಲ.

ಗಂಗವ್ವನದು ಮೊದಲಿನಿಂದ ಒಂದೇ ಮಾತು: “ತಪಾಸಣಿಯೊಳಗ ಪಾಸಾದ್ರ ಕಲೀಲಿ. ಇಲ್ಲಂದ್ರ ನನ್ನ ಎದುರಿಗೆ ಕುಂತು ಬೀಸಲಿ.” ಇವರು ಗಿರಣಿಯ ಮಾತಾಡಿದ ಆ ದಿನವೇ ತಪಾಸಣೆ ಇತ್ತು.

ಕಾರವಾರದ ಕಡೆಯಿಂದ ಬಂದ ಸಾಹೇಬರು ನೀಲವ್ವನನ್ನೇ ಎಬ್ಬಿಸಿದರು. “ಹದಿಮೂರೆಂಟಲೆ?”

ಅವಳು ಪಟ್ಟನೆ ಕೆಳಗೆ ಕೂತು, ಒಂದು ಕಾಲು ಚಾಚಿ, ಇಲ್ಲದ ಗೂಟ ಹಿಡಿದು ತಿರುಗಿಸತೊಡಗಿದಳು.

“ಏನಿದು ಮಂಗಾಟ? ನೆಟ್ಟಗೆ ನಿಲ್ಲು. ಕೈ ಕಟ್ಟು.”

ನಿಂತಳು, ಕಟ್ಟಿದಳು. ಬಾಯಿಯೂ ಕಟ್ಟಿತು. ನನ್ನತ್ತ ತಿರುಗಿ ಮೆಲ್ಲಗೆ ಅಂದಳು: “ಅಕ್ಕೋರ, ಕಲ್ಲು ನಿಂತೈತ್ರಿ.”

ವೇದ ಹೇಳುವ ಭಟ್ಟರ ಕೈ ಸ್ವರದ ಜೊತೆ ಏರಿಳಿಯುತ್ತದೆ. ಪೇಟೆಯ ಮದರಸಾದಲ್ಲಿ ಮಕ್ಕಳು ತೂಗಿ ತೂಗಿ ಓದುತ್ತಾರೆ. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಜಪಮಣಿ ಎಣಿಸದೆ ಪ್ರಾರ್ಥಿಸಿದ್ದನ್ನು ನಾನು ಕಂಡಿಲ್ಲ. ಮೂರೂ ಕಡೆಯ ದೇವರುಗಳಿಗೆ ಒಪ್ಪಿಗೆಯಾದದ್ದು ಸಾಹೇಬರಿಗೆ ಮಾತ್ರ ಒಗ್ಗಲಿಲ್ಲ. ತಪಾಸಣೆಯ ಪುಸ್ತಕದಲ್ಲಿ ಷರಾ ಏನು ಬರೆಯಲೆಂದು ಯೋಚಿಸುವಾಗ ಅವರು ಮೀಸೆ ತಿರುವುತ್ತಿದ್ದರು. ‘ಕೈ ಕಟ್ಟಿಕೊಂಡು ಯೋಚಿಸಿ’ ಎನ್ನುವ ಧೈರ್ಯ ನನಗೆಲ್ಲಿಂದ ಬರಬೇಕು? ಕೊನೆಗೆ ಬರೆದರು: ನೀಲವ್ವ ಇನ್ನೊಂದು ವರ್ಷ ಅದೇ ತರಗತಿ.

ಸಂಜೆ ನಾನು ಹಿತ್ತಲಿನಲ್ಲಿ ಕೂತು, ಕಲ್ಲೇ ಇಲ್ಲದ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದೆ. ಗಂಗವ್ವ ಬಟ್ಟಲು ಹಿಡಿದು ಬಂದಳು.

“ಒಂದೀಟು ಹೆಪ್ಪು ಕೊಡ್ರಿ. ನೀಲಿ ನಪಾಸಂತಲ್ಲ.”

ತಪ್ಪು ನನ್ನದೇ, ಹುಡುಗಿಯದಲ್ಲ ಎಂದು ಏನೇನೋ ತೊದಲಿದೆ. ಗಂಗವ್ವ ಕೇಳಿಸಿಕೊಂಡಳೋ ಇಲ್ಲವೋ, ಹೆಪ್ಪು ಇಸಿದುಕೊಂಡು ಬಾಗಿಲತನಕ ಹೋಗಿ ಹೊರಳಿ ನೋಡಿದಳು.

“ಹದಿಮೂರೆಂಟ್ಲೆ ನೂರಾ ನಾಕ. ಅಷ್ಟೂ ಗೊತ್ತಿಲ್ಲೇನ ಆ ಸಾಯೇಬಗ, ಹುಡುಗೀನ್ನ ಕೇಳಾಕ ಬಂದಿದ್ದ? ನಾಳೆ ಸಾಲಿಯಿಂದ ಬರೂ ಮುಂದ ಆಕಿ ಕೈಲೆ ಹದಿನಾಕರದು ಕಳಸ್ರಿ, ಅಕ್ಕೋರ. ಹದಿಮೂರರದು ಹಾಡಿ ಹಾಡಿ ನನಗ ಬ್ಯಾಸರಾಗೇತಿ.”